ಬಿಜಾಪುರದ ಹೆಸರು ಹೊತ್ತ ಧರ್ಮಾಧ್ಯಕ್ಷರು ಮತ್ತು ನಮ್ಮ ಮನೆಗಳ ದೈವಕರೆ

ದೇವಾಲಯವೊಂದಕ್ಕೆ ನೂರು ವರುಷ ತುಂಬಿದಾಗ ಅದರ ಗೋಡೆ, ಗೋಪುರ, ಘಂಟೆಗಳ ಚರಿತ್ರೆಯನ್ನು ಬರೆದಿಡುವುದು ವಾಡಿಕೆ. ಈ ಸ್ಮರಣ ಸಂಚಿಕೆಯ ಇತರ ಪುಟಗಳಲ್ಲಿ ಆ ಕಾರ್ಯ ನೆರವೇರಿದೆ. ನಾವಾದರೋ ಇಲ್ಲಿ ಒಂದು ಪ್ರಶ್ನೆಯನ್ನು ವಿಶ್ವಾಸಿಗಳ ಮುಂದಿರಿಸಬಯಸುತ್ತೇವೆ. ಈ ಬಲಿಪೀಠದಲ್ಲಿ ನಿಂತು ಬಲಿಪೂಜೆಯನ್ನರ್ಪಿಸಿದ ಗುರುಗಳೂ ನಮ್ಮ ಮಕ್ಕಳಿಗೆ ಅಕ್ಷರ ಕಲಿಸಿದ ಭಗಿನಿಯರೂ ಬಹುಮಟ್ಟಿಗೆ ದೂರದ ಊರುಗಳಿಂದ ಬಂದವರು. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ಈ ಸೀಮೆಯ ಮನೆಗಳಿಂದ ದೇವರು ಯಾರನ್ನೂ ಕರೆಯುತ್ತಿಲ್ಲವೇ? ಈ ಪ್ರಶ್ನೆಗೆ ಉತ್ತರವನ್ನರಸುವ ಮುನ್ನ ಸುಮಾರು ನಾಲ್ಕು ಶತಮಾನಗಳಷ್ಟು ಹಿಂದಕ್ಕೆ ಹೋಗುವುದು ಅವಶ್ಯ.

ಆದಿಲಶಾಹಿ ಸೀಮೆಯ ಧರ್ಮಾಧ್ಯಕ್ಷರು

ಗೋಳಗುಮ್ಮಟವನ್ನು ನೋಡದ ವಿಶ್ವಾಸಿ ನಮ್ಮಲ್ಲಿ ವಿರಳ. ಅದರಡಿ ಸಮಾಧಿಸ್ಥನಾದ ಮುಹಮ್ಮದ್ ಆದಿಲಶಾಹ 1627ರಿಂದ 1656ರವರೆಗೆ ಆಳಿದನು. ಆತನ ಆಳ್ವಿಕೆಯ ಕಾಲದಲ್ಲಿಯೇ, 1637ರಲ್ಲಿ, ರೋಮಿನ ಪವಿತ್ರ ಪೀಠವು ಆತನ ರಾಜ್ಯಕ್ಕೆಂದು ಒಬ್ಬ ಧರ್ಮಾಧ್ಯಕ್ಷರನ್ನು ನೇಮಿಸಿತೆಂಬುದು ನಮ್ಮಲ್ಲಿ ಅನೇಕರಿಗೆ ತಿಳಿಯದ ಸಂಗತಿ. ಅವರ ಹೆಸರು ಮತ್ತೇವುಸ್ ದೆ ಕಾಸ್ತ್ರೊ. ಪೋರ್ಚುಗೀಸರು ಆದಿಲಖಾನನನ್ನು 'ಇದಲ್ಕಾನ್' ಎಂದು ಕರೆಯುತ್ತಿದ್ದುದರಿಂದ ಅವರ ಪ್ರಾಂತ್ಯಕ್ಕೂ ಅದೇ ಹೆಸರಾಯಿತು. ಲತೀನ್ ವಿಧಿಯಲ್ಲಿ ಧರ್ಮಾಧ್ಯಕ್ಷ ಪದವಿಗೇರಿದ ಪ್ರಥಮ ಭಾರತೀಯರು ಅವರು. ಆ ಗೌರವವು ನಮ್ಮ ಈ ನೆಲದ ಹೆಸರಿನೊಡನೆ ಸೇರಿಕೊಂಡಿದೆ.

ಆದರೆ ಅವರು ನಡೆದು ಬಂದ ದಾರಿ ಸುಗಮವಾಗಿರಲಿಲ್ಲ. ಗೋವೆಯ ದಿವಾಡಿ ದ್ವೀಪದ ಬ್ರಾಹ್ಮಣ ಮೂಲದ ಕ್ರೈಸ್ತ ಕುಟುಂಬದಲ್ಲಿ ಜನಿಸಿದ ಅವರು ಫ್ರಾನ್ಸಿಸ್ಕನ್ ಸಭೆಯವರ ವಿದ್ಯಾಲಯದಲ್ಲಿ ಕಲಿತರು, ಗುರುವಾಗಬೇಕೆಂದು ಹಂಬಲಿಸಿದರು. ಸ್ಥಳೀಯ ಯುವಕರಿಗೆ ಗುರುದೀಕ್ಷೆ ನೀಡಲು ಗೋವೆಯ ಅಧಿಕಾರಿಗಳು ಹಿಂಜರಿಯುತ್ತಿದ್ದ ಕಾಲವದು. ಅವರಿಗೆ ದೀಕ್ಷೆ ದೊರೆಯಲಿಲ್ಲ. ಆ ಯುವಕರು ಎದೆಗುಂದದೆ ಪರ್ಷಿಯಾ ಮಾರ್ಗವಾಗಿ ಪ್ರಯಾಣ ಮಾಡಿ 1625ರಲ್ಲಿ ರೋಮ್ ಪಟ್ಟಣವನ್ನು ತಲುಪಿದರು. ಅಲ್ಲಿ ಜಗದ್ಗುರು ಹದಿನೈದನೆಯ ಗ್ರೆಗೊರಿಯವರು 1622ರಲ್ಲಿ ವಿಶ್ವಾಸ ಪ್ರಸಾರಕ್ಕಾಗಿ ಮಹಾಮಂಡಲಿಯನ್ನು ಸ್ಥಾಪಿಸಿದ್ದರು. ಆಯಾ ನಾಡಿನ ಧರ್ಮಸಭೆಗೆ ಆಯಾ ನಾಡಿನವರೇ ಗುರುಗಳಾಗಬೇಕೆಂಬುದು ಆ ಮಂಡಲಿಯ ಆಶಯವಾಗಿತ್ತು. ಗೋವೆಯಲ್ಲಿ ಮುಚ್ಚಿದ್ದ ಬಾಗಿಲು ರೋಮಿನಲ್ಲಿ ತೆರೆಯಿತು. 1630ರ ಸುಮಾರಿಗೆ ಅವರಿಗೆ ಗುರುದೀಕ್ಷೆಯಾಯಿತು.

ಧರ್ಮಾಧ್ಯಕ್ಷರಾಗಿ ಮರಳಿದ ಅವರು ಆಗ ಆದಿಲಶಾಹಿ ಆಡಳಿತಕ್ಕೊಳಪಟ್ಟಿದ್ದ ಡಿಚೋಲಿಯಲ್ಲಿ ನೆಲೆನಿಂತು ಸ್ಥಳೀಯರಿಗೆ ಗುರುದೀಕ್ಷೆ ನೀಡಿದರು. ಪೋರ್ಚುಗೀಸ್ ಅಧಿಕಾರಿಗಳೊಡನೆ ಅವರ ಘರ್ಷಣೆ ಕೊನೆಯವರೆಗೂ ಶಮನವಾಗಲಿಲ್ಲ. ತಮ್ಮ ಅಂತ್ಯಕಾಲವನ್ನು ಅವರು ರೋಮಿನಲ್ಲಿ ಕಳೆದರು. ಚರಿತ್ರೆ ಸತ್ಯವನ್ನು ಮರೆಮಾಚಬಾರದು. ಜನ್ಮದ ಕಾರಣದಿಂದ ತಿರಸ್ಕೃತರಾದ ಈ ಮಹನೀಯರೂ ತಮ್ಮ ಸಂಗಡಿಗರನ್ನು ಹೆಚ್ಚಾಗಿ ತಮ್ಮ ಕುಲದವರಿಂದಲೇ ಆರಿಸಿಕೊಂಡರು. ಒಂದು ಬೇಲಿಯನ್ನು ದಾಟಿ ಬಂದವರು ಮತ್ತೊಂದು ಬೇಲಿಯನ್ನು ಹಾಗೆಯೇ ಉಳಿಸಿದರು.

ಬೀಜ ಒಣಗಲಿಲ್ಲ

ಅವರ ಪ್ರಾಂತ್ಯವು ಮುಂದೆ 'ಮಹಾ ಮೊಗಲ' ಪ್ರಾಂತ್ಯವೆನಿಸಿ, 1720ರಲ್ಲಿ ಮುಂಬಯಿಗೆ ಸ್ಥಳಾಂತರಗೊಂಡಿತು. ಇಂದಿನ ಮುಂಬಯಿ ಮಹಾಧರ್ಮಪ್ರಾಂತ್ಯದ ಬೇರು ಹೀಗೆ ಆದಿಲಶಾಹಿ ನೆಲದಲ್ಲಿದೆ. ಮುದ್ದೇಬಿಹಾಳ ಸೀಮೆಯಿಂದ ಕೃಷ್ಣೆಯನ್ನು ದಾಟಿದರೆ ಸಿಗುವ ಮುದಗಲ್ಲಿನಲ್ಲಿ ಆ ಕಾಲದಿಂದಲೂ ಕ್ರೈಸ್ತ ಸಮುದಾಯವು ವಿಶ್ವಾಸವನ್ನು ಕಾಪಾಡಿಕೊಂಡು ಬಂದಿದೆ.

ಸ್ಥಳೀಯ ದೈವಕರೆಯನ್ನು ಪೋಷಿಸಿದರೆ ಏನಾದೀತೆಂಬುದಕ್ಕೆ ಸಂತ ಜೋಸೆಫ್ ವಾಸರೇ ಸಾಕ್ಷಿ. 1651ರಲ್ಲಿ ಗೋವೆಯ ಬಾಣಾವಲಿಯಲ್ಲಿ ಜನಿಸಿದ ಅವರು 1681ರಿಂದ 1684ರವರೆಗೆ ನಮ್ಮ ಕನ್ನಡ ಕರಾವಳಿಯಲ್ಲಿ ಸೇವೆ ಸಲ್ಲಿಸಿದರು. ತರುವಾಯ ಗೋವೆಯ ದೇಶೀಯ ಗುರುಗಳ ಸಂಘವನ್ನು ಸೇರಿ, 1687ರಲ್ಲಿ ಸಿಂಹಳಕ್ಕೆ ತೆರಳಿ, ಗುರುಗಳಿಲ್ಲದೆ ಕಂಗೆಟ್ಟಿದ್ದ ಅಲ್ಲಿನ ಧರ್ಮಸಭೆಗೆ ಮರುಜೀವ ನೀಡಿದರು. 2015ರಲ್ಲಿ ಜಗದ್ಗುರು ಫ್ರಾನ್ಸಿಸರು ಅವರನ್ನು ಸಂತರೆಂದು ಘೋಷಿಸಿದರು.

ಆದರೂ ಈ ಪಾಠವನ್ನು ಕಲಿಯಲು ದೀರ್ಘಕಾಲ ಬೇಕಾಯಿತು. ದೇಶೀಯ ಗುರುಗಳ ಅಗತ್ಯವನ್ನು ಜಗದ್ಗುರು ಹದಿನೈದನೆಯ ಬೆನೆಡಿಕ್ಟರು 1919ರಲ್ಲಿ ಒತ್ತಿ ಸಾರಿದರು. 1923ರಲ್ಲಿ ತೂತ್ತುಕುಡಿಗೆ ತಿಬುರ್ತಿಯುಸ್ ರೋಶ್ ಅವರು ಧರ್ಮಾಧ್ಯಕ್ಷರಾದರು. ಕನ್ನಡ ನಾಡಿನಲ್ಲಿ ಮಂಗಳೂರಿನ ಸಂತ ಜೋಸೆಫರ ಗುರುಮಠವು 1879ರಲ್ಲಿಯೇ ಆರಂಭವಾಗಿತ್ತು. ಅದೇ ಊರಿನ ಬೆಂದೂರಿನಲ್ಲಿ ಸ್ವದೇಶೀ ಗುರುಗಳಾದ ರೇಮಂಡ್ ಮಸ್ಕರೇನ್ಹಸರು 1921ರಲ್ಲಿ ಬೆಥನಿ ಭಗಿನಿಯರ ಸಭೆಯನ್ನು ಸ್ಥಾಪಿಸಿದರು. ಕರಾವಳಿಯಿಂದ ಇಷ್ಟೊಂದು ಗುರುಗಳೂ ಭಗಿನಿಯರೂ ಹೊರಬರುವುದಕ್ಕೆ ಕಾರಣ ಇದೇ. ಅಲ್ಲಿ ತಲೆತಲಾಂತರದಿಂದ ಮನೆಯಲ್ಲಿ ಸಂಜೆಯ ಜಪಸರ ನಿಲ್ಲಲಿಲ್ಲ, ಗುರುಮಠವು ಹತ್ತಿರದಲ್ಲಿತ್ತು, ಮಗ ಗುರುವಾಗುವುದನ್ನು ಮನೆತನವು ಭಾಗ್ಯವೆಂದೆಣಿಸಿತು.

ನಮ್ಮ ಮನೆಗಳ ಮಾತು

ನಮ್ಮ ಸೀಮೆ ಈ ವಿಷಯದಲ್ಲಿ ಬಡದಲ್ಲ. ವಿಶ್ವಾಸಕ್ಕಾಗಿ ಮನೆ ಬಿಟ್ಟು ಹೊರಟವರನ್ನು ಈ ನೆಲ ಬಲ್ಲದು. ಹನ್ನೆರಡನೆಯ ಶತಮಾನದ ಬಸವಣ್ಣನವರು ಬಾಗೇವಾಡಿಯ ತಮ್ಮ ಮನೆಯನ್ನು ತೊರೆದು ನಡೆದ ಕಥೆಯನ್ನು ಇಲ್ಲಿನ ಪ್ರತಿಯೊಂದು ಮಗುವೂ ಕೇಳಿದೆ. 2005ರಲ್ಲಿ ಗುಲ್ಬರ್ಗಾ ಧರ್ಮಪ್ರಾಂತ್ಯದ ಸ್ಥಾಪನೆಯಾದಾಗ ನಮ್ಮ ಈ ಭಾಗವೂ ಅದರಲ್ಲಿ ಸೇರಿತು. ಹೊಸ ಧರ್ಮಪ್ರಾಂತ್ಯಕ್ಕೆ ಈ ಮಣ್ಣಿನ ಮಾತನ್ನಾಡುವ, ಈ ಜನರ ದುಡಿಮೆ, ಬರ, ಗುಳೆಗಳನ್ನು ಬಲ್ಲ ಗುರುಗಳು ಬೇಕು.

ಹಾಗಿದ್ದೂ ತಾಯ್ತಂದೆಯರು ಹಿಂಜರಿಯುತ್ತಾರೆ. "ಇರುವ ಒಬ್ಬ ಮಗನನ್ನು ಕಳಿಸಿದರೆ ಹೊಲ ನೋಡುವವರು ಯಾರು?" ಎಂದು ಕೇಳುವವರ ಸಂಕಟ ನಿಜವಾದುದು, ಅದನ್ನು ನಾವು ಹಗುರವಾಗಿ ಕಾಣುವುದಿಲ್ಲ. "ಗುರುತನ ನಮ್ಮಂಥ ಕೇರಿಯವರಿಗೆ, ತಾಂಡೆಯವರಿಗೆ ಅಲ್ಲ" ಎಂಬ ಮಾತು ಮಾತ್ರ ನಮ್ಮನ್ನು ಹೆಚ್ಚು ನೋಯಿಸುತ್ತದೆ. ಅಂದು ಗೋವೆಯ ಅಧಿಕಾರಿಗಳು ಹಾಕಿದ ಬೇಲಿಯನ್ನು ಇಂದು ನಾವೇ ನಮ್ಮ ಮಕ್ಕಳ ಮುಂದೆ ಹಾಕಬೇಕೇ? ಬೆಸ್ತರನ್ನೂ ಸುಂಕದವನನ್ನೂ ಕರೆದ ಪ್ರಭು ಕುಲವನ್ನು ಕೇಳಲಿಲ್ಲ. ಇನ್ನೊಂದು ಮಾತು: ಗುರುಮಠಕ್ಕೆ ಹೋದ ಹುಡುಗ, ತನಗೆ ಈ ಕರೆಯಿಲ್ಲವೆಂದರಿತು ಮರಳಿದರೆ ಊರು ಹಾಸ್ಯ ಮಾಡುತ್ತದೆ. ಆ ಹಾಸ್ಯಕ್ಕೆ ಅಂಜಿ ಹತ್ತು ಮನೆಗಳು ಬಾಯಿ ಮುಚ್ಚಿಕೊಳ್ಳುತ್ತವೆ. ಕರೆಯನ್ನು ಪ್ರಾಮಾಣಿಕವಾಗಿ ಪರೀಕ್ಷಿಸಿ ಮರಳಿದವನನ್ನು ಗೌರವದಿಂದ ಬರಮಾಡಿಕೊಳ್ಳುವುದು ಧರ್ಮಕೇಂದ್ರದ ಕರ್ತವ್ಯ.

ದೈವಕರೆಯನ್ನು ಬೆಳೆಸುವ ಹೊಣೆ ಇಡೀ ಕ್ರೈಸ್ತ ಸಮುದಾಯದ್ದೆಂದೂ ಕುಟುಂಬವೇ ಮೊದಲ ಗುರುಮಠವೆಂದೂ ದ್ವಿತೀಯ ವ್ಯಾಟಿಕನ್ ಮಹಾಸಭೆಯು 1965ರಲ್ಲಿ ಬೋಧಿಸಿತು. ಆದುದರಿಂದ ಪ್ರತಿಯೊಂದು ಮನೆಯಲ್ಲಿಯೂ ದಿನಕ್ಕೊಮ್ಮೆ ಕೂಡಿ ಪ್ರಾರ್ಥಿಸಿರಿ. ಬಲಿಪೀಠದ ಸೇವೆಗೆ ನಿಮ್ಮ ಹುಡುಗರನ್ನು ಕಳುಹಿಸಿರಿ. ಹೆಣ್ಣುಮಕ್ಕಳಲ್ಲಿ ಕನ್ಯಾಮಠದ ಆಸೆ ಮೂಡಿದರೆ ಮದುವೆಯ ಮಾತೆತ್ತಿ ಅದನ್ನು ಅಡಗಿಸಬೇಡಿರಿ. ಗುಳೆ ಹೋಗುವ ಕುಟುಂಬಗಳ ಮಕ್ಕಳ ಓದು ನಿಲ್ಲದಂತೆ ಇತರ ಕುಟುಂಬಗಳು ಆಸರೆಯಾಗಲಿ. ಓದು ನಿಂತಲ್ಲಿ ಗುರುಮಠದ ಬಾಗಿಲೂ ಮುಚ್ಚುತ್ತದೆ. ಜಗದ್ಗುರು ಆರನೆಯ ಪೌಲರು 1964ರಲ್ಲಿ ಆರಂಭಿಸಿದ ದೈವಕರೆಯ ಪ್ರಾರ್ಥನಾ ದಿನವನ್ನು, ಒಳ್ಳೆಯ ಕುರುಬನ ಭಾನುವಾರದಂದು, ಭಕ್ತಿಯಿಂದ ಆಚರಿಸೋಣ.

ನಮ್ಮ ಎರೆಹೊಲದ ಒಕ್ಕಲಿಗನಿಗೆ ಹೆಚ್ಚು ಹೇಳಬೇಕಾಗಿಲ್ಲ. ಹಿಂಗಾರಿಯ ಬಿಳಿಜೋಳ ಬಿತ್ತಿದ ಮೇಲೆ ಮಳೆ ಬಾರದಿದ್ದರೂ ನೆಲ ಹಿಡಿದಿಟ್ಟ ತೇವದಲ್ಲಿಯೇ ಪೈರು ತೆನೆಗಟ್ಟುತ್ತದೆ. ನೂರು ವರುಷಗಳ ಪ್ರಾರ್ಥನೆ, ಬಲಿಪೂಜೆ, ಹಿರಿಯರ ಕಣ್ಣೀರು ಈ ಧರ್ಮಕೇಂದ್ರದ ನೆಲದಲ್ಲಿ ತೇವವಾಗಿ ನಿಂತಿವೆ. ಕೊಯ್ಲಿನ ಒಡೆಯನು ಈ ಮಣ್ಣಿನಿಂದಲೇ ಕೊಯ್ಲುಗಾರರನ್ನು ಎಬ್ಬಿಸಲಿ. ಈ ಪುಟವನ್ನೋದುವ ಯಾವುದೋ ಒಂದು ಮನೆಯಿಂದ ಮುಂದಿನ ಗುರುಗಳೋ ಭಗಿನಿಯೋ ಬರುವಂತಾಗಲಿ ಎಂದು ಪ್ರಾರ್ಥಿಸಿ, ಎಲ್ಲ ಕುಟುಂಬಗಳಿಗೂ ಪ್ರಭುವಿನ ಆಶೀರ್ವಾದವನ್ನು ಕೋರುತ್ತೇವೆ.