ಆಂಜಿಯೋಗ್ರಾಮ್: ಚಿತ್ರ ಹೇಳುವುದೆಷ್ಟು, ಹೇಳದೆ ಉಳಿಯುವುದೆಷ್ಟು?

ಹೃದಯದ ಸ್ನಾಯುವಿಗೆ ರಕ್ತ ಒದಗಿಸುವ ನಾಳಗಳಿಗೆ ಪರಿಧಮನಿಗಳೆಂದು ಹೆಸರು. ಮಣಿಕಟ್ಟಿನಿಂದಲೋ ತೊಡೆಯ ಸಂದಿನಿಂದಲೋ ತೆಳುವಾದ ಕೊಳವೆಯನ್ನು ಈ ನಾಳಗಳ ಬಾಯಿಯವರೆಗೆ ಒಯ್ದು, ಎಕ್ಸ್‌ರೇಯಲ್ಲಿ ಕಾಣುವಂತಹ ದ್ರವವನ್ನು ಬಿಟ್ಟು, ಅದು ಹರಿಯುವ ಪರಿಯನ್ನು ಚಿತ್ರಿಸುವ ಪರೀಕ್ಷೆಯೇ ಆಂಜಿಯೋಗ್ರಾಮ್. ನಾಳ ಎಲ್ಲಿ ಕಿರಿದಾಗಿದೆ, ಎಷ್ಟು ಕಿರಿದಾಗಿದೆ ಎಂಬುದು ಇದರಿಂದ ತಿಳಿಯುತ್ತದೆ. ಆದರೆ ಹಾಗೆ ಕಂಡ ತಡೆಯನ್ನು ಬಿಡಿಸಿದೊಡನೆ ರೋಗಿಯ ಆಯುಷ್ಯ ಹೆಚ್ಚುತ್ತದೆಯೇ? ಈ ಪ್ರಶ್ನೆಗೆ ಸಂಶೋಧನೆ ಕೊಟ್ಟಿರುವ ಉತ್ತರ ನಮ್ಮ ಮನೆಗಳನ್ನು ಇನ್ನೂ ಸರಿಯಾಗಿ ತಲುಪಿಲ್ಲ.

ಬ್ಯಾಂಕಿನ ಕೌಂಟರಿನ ಹಿಂದೆ ವರ್ಷಗಟ್ಟಲೆ ಕುಳಿತ ನಮಗೆ, ಅವಧಿಗೆ ಮುನ್ನವೇ ಠೇವಣಿ ಮುರಿಸಲು ಬರುವವರ ಮುಖ ಪರಿಚಿತ. 'ಎಂಬತ್ತು ಪರ್ಸೆಂಟ್ ಬ್ಲಾಕ್ ಅಂತೆ, ನಾಳೆಯೇ ಸ್ಟೆಂಟ್ ಹಾಕಬೇಕಂತೆ' ಎನ್ನುತ್ತಾರೆ. ಆ ಅವಸರ ಕೆಲವೊಮ್ಮೆ ಪ್ರಾಣ ಉಳಿಸುವಂಥದ್ದು, ಕೆಲವೊಮ್ಮೆ ಅನಗತ್ಯ. ವೈದ್ಯರಲ್ಲದ ನಾವು ಚಿಕಿತ್ಸೆಯ ಸಲಹೆ ಕೊಡಲಾರೆವು. ಪ್ರಕಟವಾದ ಅಂಕಿಅಂಶಗಳನ್ನು ಓದುಗರ ಮುಂದಿಡುವುದಷ್ಟೇ ಇಲ್ಲಿನ ಉದ್ದೇಶ.

ಈ ಪರೀಕ್ಷೆ ಹುಟ್ಟಿದ್ದು ಧೈರ್ಯ ಮತ್ತು ಆಕಸ್ಮಿಕಗಳಿಂದ. 1929ರಲ್ಲಿ ಜರ್ಮನಿಯ ಯುವ ವೈದ್ಯ ವರ್ನರ್ ಫೋರ್ಸ್‌ಮನ್ ತನ್ನ ತೋಳಿನ ನರದಿಂದ ಹೃದಯದವರೆಗೆ ತಾನೇ ಕೊಳವೆ ತೂರಿಸಿಕೊಂಡು, ಎಕ್ಸ್‌ರೇ ಕೋಣೆಗೆ ನಡೆದು ಚಿತ್ರ ತೆಗೆಸಿಕೊಂಡರು. ಆಗ ದೊರೆತದ್ದು ಛೀಮಾರಿ; 1956ರಲ್ಲಿ ಇನ್ನಿಬ್ಬರೊಡನೆ ನೊಬೆಲ್ ಪಾರಿತೋಷಕ. ಪರಿಧಮನಿಯೊಳಗೆ ನೇರವಾಗಿ ದ್ರವ ಬಿಟ್ಟರೆ ಸಾವು ಖಚಿತವೆಂದೇ ಆ ಕಾಲದಲ್ಲಿ ನಂಬಲಾಗಿತ್ತು. 1958ರಲ್ಲಿ ಅಮೆರಿಕದ ಕ್ಲೀವ್‌ಲ್ಯಾಂಡ್ ಕ್ಲಿನಿಕ್‌ನಲ್ಲಿ ಮೇಸನ್ ಸೋನ್ಸ್ ಅವರ ಕೈಯಲ್ಲಿದ್ದ ಕೊಳವೆ ಜಾರಿ ಬಲ ಪರಿಧಮನಿಯನ್ನು ಹೊಕ್ಕಿತು, ದ್ರವವೂ ಹೋಯಿತು. ಹೃದಯ ಕ್ಷಣಕಾಲ ನಿಂತಿತು. 'ಕೆಮ್ಮು' ಎಂದು ಅವರು ಕೂಗಿದರು. ರೋಗಿ ಕೆಮ್ಮಿದ, ಹೃದಯ ಮತ್ತೆ ಬಡಿಯಿತು. ಅದೇ ಆಸ್ಪತ್ರೆಯಲ್ಲಿ 1967ರಲ್ಲಿ ರೆನೆ ಫವಲೋರೋ ಕಾಲಿನ ನಾಳ ಬಳಸಿ ಬೈಪಾಸ್ ಶಸ್ತ್ರಚಿಕಿತ್ಸೆಯನ್ನು ರೂಢಿಗೆ ತಂದರು. 1977ರಲ್ಲಿ ಜ್ಯೂರಿಕ್‌ನಲ್ಲಿ ಆಂಡ್ರಿಯಾಸ್ ಗ್ರುಂಟ್ಸಿಗ್ ಬಲೂನ್ ಉಬ್ಬಿಸಿ ನಾಳ ಹಿಗ್ಗಿಸಿದರು. ಸ್ಟೆಂಟ್ ಬಂದದ್ದು ಆಮೇಲೆ.

ಇಲ್ಲಿಂದ ಮುಂದಕ್ಕೆ ಎರಡು ಬಗೆಯ ರೋಗಿಗಳನ್ನು ಬೇರೆಬೇರೆಯಾಗಿ ನೋಡಬೇಕು. ಹೃದಯಾಘಾತ ಆಗುತ್ತಿರುವವರಲ್ಲಿ ನಾಳವನ್ನು ಹೆಪ್ಪುಗಟ್ಟಿದ ರಕ್ತ ಥಟ್ಟನೆ ಮುಚ್ಚಿರುತ್ತದೆ. ಅಲ್ಲಿ ತಕ್ಷಣ ಆಂಜಿಯೋಗ್ರಾಮ್ ಮಾಡಿ ನಾಳ ತೆರೆಯುವುದರಿಂದ ಜೀವ ಉಳಿಯುತ್ತದೆ, ಇದರಲ್ಲಿ ಸಂದೇಹವಿಲ್ಲ. ಕುಳಿತಲ್ಲೇ ಎದೆ ಹಿಂಡುವ ನೋವು, ಬೆವರು ಕಂಡರೆ ಯಾವ ಲೇಖನವನ್ನೂ ಓದುತ್ತ ಕೂರದೆ ಆಸ್ಪತ್ರೆಗೆ ಧಾವಿಸತಕ್ಕದ್ದು.

ಮೆಟ್ಟಿಲು ಹತ್ತುವಾಗ ಎದೆ ಬಿಗಿದು, ನಿಂತರೆ ಶಮನವಾಗುವ, ತಿಂಗಳುಗಳಿಂದ ಒಂದೇ ರೀತಿ ಇರುವ ರೋಗದ ಮಾತು ಬೇರೆ. 2007ರಲ್ಲಿ ಪ್ರಕಟವಾದ 'ಕರೇಜ್' ಅಧ್ಯಯನದಲ್ಲಿ ಇಂತಹ 2,287 ರೋಗಿಗಳನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಲಾಯಿತು. ಒಂದು ಗುಂಪಿಗೆ ಔಷಧ ಮಾತ್ರ, ಇನ್ನೊಂದಕ್ಕೆ ಔಷಧದ ಜೊತೆ ಆಂಜಿಯೋಪ್ಲಾಸ್ಟಿ. ಸುಮಾರು ನಾಲ್ಕೂವರೆ ವರ್ಷಗಳ ನಂತರ ಸಾವು ಅಥವಾ ಹೃದಯಾಘಾತಕ್ಕೆ ತುತ್ತಾದವರು ಆಂಜಿಯೋಪ್ಲಾಸ್ಟಿ ಗುಂಪಿನಲ್ಲಿ ಶೇ. 19, ಔಷಧದ ಗುಂಪಿನಲ್ಲಿ ಶೇ. 18.5. ವ್ಯತ್ಯಾಸವೇ ಇಲ್ಲವೆನ್ನಬೇಕು.

ಹೆಚ್ಚು ತೀವ್ರವಾದ ರೋಗವಿದ್ದವರನ್ನು ಸೇರಿಸಿಕೊಂಡಿಲ್ಲವೆಂಬ ಆಕ್ಷೇಪ ಬಂತು. ಅದಕ್ಕೆ ಉತ್ತರವಾಗಿ ಬಂದದ್ದು 2020ರಲ್ಲಿ ಪ್ರಕಟವಾದ 'ಇಸ್ಕೀಮಿಯಾ' ಅಧ್ಯಯನ. ಭಾರತವೂ ಸೇರಿದಂತೆ 37 ದೇಶಗಳ 5,179 ರೋಗಿಗಳು ಇದರಲ್ಲಿದ್ದರು. ಹೃದಯಕ್ಕೆ ರಕ್ತದ ಕೊರತೆಯಿರುವುದು ಪರೀಕ್ಷೆಗಳಿಂದ ಸಾಬೀತಾದವರು ಇವರೆಲ್ಲ. ಆಂಜಿಯೋಗ್ರಾಮ್ ಮಾಡಿ ಅಗತ್ಯವಿದ್ದಲ್ಲಿ ಸ್ಟೆಂಟ್ ಅಥವಾ ಬೈಪಾಸ್ ಮಾಡಿದ ಗುಂಪಿನಲ್ಲಿ 145 ಸಾವು. ಮೊದಲು ಔಷಧವನ್ನೇ ನಂಬಿದ ಗುಂಪಿನಲ್ಲಿ 144. ಲೆಕ್ಕ ತಾಳೆ ನೋಡುವ ಕಸುಬಿನವರಾದ ನಾವು ಈ ಎರಡು ಸಂಖ್ಯೆಗಳನ್ನು ಮತ್ತೆ ಮತ್ತೆ ಓದಿದೆವು. ಆದರೆ ಪದೇ ಪದೇ ಎದೆನೋವು ಕಾಡುತ್ತಿದ್ದವರಿಗೆ ನಾಳ ತೆರೆದ ಮೇಲೆ ನೋವು ಹೆಚ್ಚು ಕಡಿಮೆಯಾಯಿತು ಎಂಬುದನ್ನೂ ಹೇಳಬೇಕು. ಎಡ ಪರಿಧಮನಿಯ ಮೂಲದಲ್ಲೇ ದೊಡ್ಡ ತಡೆಯಿದ್ದವರು, ಹೃದಯದ ಶಕ್ತಿ ಬಹಳ ಕುಂದಿದವರು ಈ ಅಧ್ಯಯನದಲ್ಲಿರಲಿಲ್ಲ. ಅವರಿಗೆ ಈ ಫಲಿತಾಂಶವನ್ನು ಅನ್ವಯಿಸಲಾಗದು.

ಹೀಗೇಕೆ? ಆಂಜಿಯೋಗ್ರಾಮ್ ತೋರಿಸುವುದು ನಾಳದ ಒಳಗಿನ ದಾರಿಯನ್ನು, ಗೋಡೆಯನ್ನಲ್ಲ. ಎಷ್ಟೋ ಹೃದಯಾಘಾತಗಳು ಸಂಭವಿಸುವುದು ಅರ್ಧಕ್ಕಿಂತ ಕಡಿಮೆ ಕಿರಿದಾಗಿದ್ದ ಜಾಗದಲ್ಲಿ, ಗೋಡೆಯೊಳಗಿನ ಕೊಬ್ಬಿನ ಗಂಟು ಒಡೆದು ಅದರ ಮೇಲೆ ರಕ್ತ ಹೆಪ್ಪುಗಟ್ಟಿದಾಗ. ಸ್ಟೆಂಟ್ ಒಂದು ಜಾಗವನ್ನು ಸರಿಪಡಿಸುತ್ತದೆ. ಕೊಲೆಸ್ಟರಾಲ್ ಇಳಿಸುವ ಸ್ಟ್ಯಾಟಿನ್, ರಕ್ತದೊತ್ತಡದ ಮಾತ್ರೆ, ಧೂಮಪಾನ ತ್ಯಾಗ ಇವು ಎಲ್ಲ ನಾಳಗಳಿಗೂ ಸಲ್ಲುತ್ತವೆ.

ಕೈಯ ರಕ್ತನಾಳಕ್ಕೆ ದ್ರವ ಚುಚ್ಚಿ ಮಾಡುವ ಸಿ.ಟಿ. ಆಂಜಿಯೋಗ್ರಾಮ್ ಕುರಿತು ಸ್ಕಾಟ್ಲೆಂಡಿನಲ್ಲಿ ನಡೆದ, 2018ರ ಅಧ್ಯಯನ ಇದಕ್ಕೆ ಪುಷ್ಟಿ ಕೊಡುತ್ತದೆ. ಎದೆನೋವಿನ 4,146 ರೋಗಿಗಳಲ್ಲಿ ಅರ್ಧದಷ್ಟು ಜನರಿಗೆ ಈ ಪರೀಕ್ಷೆಯನ್ನು ಹೆಚ್ಚುವರಿಯಾಗಿ ಮಾಡಲಾಯಿತು. ಐದು ವರ್ಷಗಳಲ್ಲಿ ಹೃದ್ರೋಗದಿಂದ ಸಾವು ಅಥವಾ ಹೃದಯಾಘಾತ ಆ ಗುಂಪಿನಲ್ಲಿ ಶೇ. 2.3, ಉಳಿದವರಲ್ಲಿ ಶೇ. 3.9. ಸ್ಟೆಂಟ್ ಮತ್ತು ಬೈಪಾಸ್‌ಗಳ ಪ್ರಮಾಣ ಎರಡರಲ್ಲೂ ಹೆಚ್ಚುಕಡಿಮೆ ಒಂದೇ ಆಗಿತ್ತು. ಚಿತ್ರ ಕಂಡ ಮೇಲೆ ಸರಿಯಾದ ರೋಗಿಗೆ ಸರಿಯಾದ ಮಾತ್ರೆ ಆರಂಭವಾದದ್ದೇ ವ್ಯತ್ಯಾಸಕ್ಕೆ ಕಾರಣವೆಂದು ತಜ್ಞರ ವಿವರಣೆ.

ಖರ್ಚಿನ ಮಾತು. ಭಾರತ ಸರ್ಕಾರ 2017ರ ಫೆಬ್ರವರಿಯಲ್ಲಿ ಸ್ಟೆಂಟ್‌ಗಳ ಬೆಲೆಗೆ ಮಿತಿ ಹಾಕಿತು. ಔಷಧ ಲೇಪಿತ ಸ್ಟೆಂಟಿಗೆ ಆಗ ಗೊತ್ತುಮಾಡಿದ ಗರಿಷ್ಠ ಬೆಲೆ ತೆರಿಗೆ ಹೊರತಾಗಿ 29,600 ರೂಪಾಯಿ. ಆನಂತರ ಈ ಮಿತಿ ಪರಿಷ್ಕರಣೆಯಾಗಿದೆ. ಬಿಲ್ಲಿನಲ್ಲಿ ಸ್ಟೆಂಟಿನ ಬೆಲೆಯನ್ನು ಪ್ರತ್ಯೇಕವಾಗಿ ತೋರಿಸಬೇಕೆಂಬ ನಿಯಮವೂ ಅದರೊಡನೆ ಬಂದಿತು. ಠೇವಣಿ ಮುರಿಸುವವರು ಆ ಸಾಲನ್ನು ಹುಡುಕಿ ನೋಡಬಹುದು.