ಮೈಸೂರು ಸಂಸ್ಥಾನದ ಕ್ರಿಕೆಟ್ ಮತ್ತು ರಾಜಾಶ್ರಯ

ಭಾರತದಲ್ಲಿ ಕ್ರಿಕೆಟ್ ಬೇರೂರಿದ ಆರಂಭದ ದಶಕಗಳಲ್ಲಿ ದೇಶೀಯ ಸಂಸ್ಥಾನಗಳ ಅರಸರು ಆ ಆಟದ ಪೋಷಕರಾಗಿದ್ದರು. ಅವರಲ್ಲಿ ಕೆಲವರು ಸ್ವತಃ ಆಟಗಾರರೂ ಆಗಿದ್ದರು. ಪಟಿಯಾಲ, ನವಾನಗರ, ಇಂದೋರ್ ಮತ್ತು ವಿಜಯನಗರಂ ಮನೆತನಗಳ ಹೆಸರುಗಳು ಈ ಇತಿಹಾಸದಲ್ಲಿ ಮುಖ್ಯವಾದವು. ಮೈಸೂರು ಸಂಸ್ಥಾನದ ಪರಿಸ್ಥಿತಿ ಇವುಗಳಿಗಿಂತ ಭಿನ್ನವಾಗಿತ್ತು. ಇಲ್ಲಿಯ ಮಹಾರಾಜರು ನಾಯಕರಾಗಿ ಮೈದಾನಕ್ಕೆ ಇಳಿಯಲಿಲ್ಲ. ಆಟವು ಕ್ರಿಕೆಟ್ ಸಂಸ್ಥೆಯ ಆಶ್ರಯದಲ್ಲಿ ಬೆಳೆಯಿತು. ಒಡೆಯರ್ ಮನೆತನದವರೊಬ್ಬರು ಕ್ರಿಕೆಟ್ ಆಡಳಿತದ ಅತ್ಯುನ್ನತ ಸ್ಥಾನಕ್ಕೆ ಬಂದದ್ದು ಪ್ರಜಾಪ್ರಭುತ್ವದ ಕಾಲದಲ್ಲಿ, ಚುನಾವಣೆಯ ಮೂಲಕ.

ಹಿನ್ನೆಲೆ

ಶ್ರೀಮಂತರು ಕ್ರಿಕೆಟಿಗೆ ಆಶ್ರಯ ನೀಡುವ ಪದ್ಧತಿ ಹದಿನೆಂಟನೆಯ ಶತಮಾನದ ಇಂಗ್ಲೆಂಡಿನಷ್ಟು ಹಳೆಯದು. 1727ರಲ್ಲಿ ರಿಚ್ಮಂಡಿನ ಡ್ಯೂಕ್ ತನ್ನ ಎದುರಾಳಿಯೊಡನೆ ಪಂದ್ಯದ ನಿಯಮಗಳನ್ನು ಲಿಖಿತ ಒಪ್ಪಂದವಾಗಿ ಮಾಡಿಕೊಂಡಿದ್ದನು. ಪಂದ್ಯಗಳ ಮೇಲೆ ದೊಡ್ಡ ಮೊತ್ತದ ಪಣ ಕಟ್ಟುತ್ತಿದ್ದ ಶ್ರೀಮಂತರು ಸಮರ್ಥ ಆಟಗಾರರನ್ನು ತಮ್ಮ ಎಸ್ಟೇಟುಗಳಲ್ಲಿ ಕೆಲಸಕ್ಕೆ ಇಟ್ಟುಕೊಳ್ಳುತ್ತಿದ್ದರು. ಆ ಕಾಲದ ಪ್ರಸಿದ್ಧ ಬೌಲರ್ 'ಲಂಪಿ' ಸ್ಟೀವನ್ಸ್, ಟ್ಯಾಂಕರ್‌ವಿಲ್ ಅರ್ಲ್‌ನ ಬಳಿ ತೋಟಗಾರನಾಗಿದ್ದನು. ಉದ್ಯೋಗ ಕೊಟ್ಟು ಆಟಗಾರನನ್ನು ಉಳಿಸಿಕೊಳ್ಳುವ ಈ ಕ್ರಮವು ಮುಂದೆ ಭಾರತದ ಸಂಸ್ಥಾನಗಳಲ್ಲಿಯೂ ಕಂಡುಬಂದಿತು.

ಭಾರತದ ಸಂಸ್ಥಾನಿಕರು

ನವಾನಗರದ ರಣಜಿತ್ ಸಿಂಗ್ 1896ರಲ್ಲಿ ಇಂಗ್ಲೆಂಡ್ ಪರವಾಗಿ ಟೆಸ್ಟ್ ಪಂದ್ಯವನ್ನಾಡಿದರು. ಅವರ ಮರಣಾನಂತರ, 1934ರಲ್ಲಿ, ಅವರ ಹೆಸರಿನಲ್ಲಿ ಪಟಿಯಾಲದ ಮಹಾರಾಜ ಭೂಪಿಂದರ್ ಸಿಂಗ್ ನೀಡಿದ ಪಾರಿತೋಷಕವೇ ರಣಜಿ ಟ್ರೋಫಿ. ಇಂದೋರಿನ ಹೋಳ್ಕರರು ಸಿ. ಕೆ. ನಾಯುಡು ಅವರನ್ನು ತಮ್ಮ ಸಂಸ್ಥಾನಕ್ಕೆ ಕರೆಸಿಕೊಂಡು ಸೈನ್ಯದಲ್ಲಿ ಅಧಿಕಾರ ಕೊಟ್ಟರು.

ಈ ಆಶ್ರಯಕ್ಕೆ ಎರಡು ಮುಖಗಳಿದ್ದವು. ಅರಸರ ಹಣವಿಲ್ಲದೆ ವಿದೇಶ ಪ್ರವಾಸಗಳು ಕಷ್ಟಸಾಧ್ಯವಾಗಿದ್ದವು; ಆದರೆ ನಾಯಕತ್ವವು ಆಟದ ಯೋಗ್ಯತೆಗಿಂತ ಮನೆತನದ ಅಂತಸ್ತಿಗೆ ದೊರೆಯುತ್ತಿತ್ತು. 1932ರ ಇಂಗ್ಲೆಂಡ್ ಪ್ರವಾಸಕ್ಕೆ ನಾಯಕರಾಗಿದ್ದ ಪೋರಬಂದರಿನ ಮಹಾರಾಜರು ಲಾರ್ಡ್ಸ್ ಟೆಸ್ಟಿನಿಂದ ತಾವೇ ಹಿಂದೆ ಸರಿದು, ನಾಯುಡು ಅವರಿಗೆ ದಾರಿ ಮಾಡಿಕೊಟ್ಟರು. 1936ರಲ್ಲಿ ನಾಯಕರಾದ ವಿಜಯನಗರಂ ಮಹಾರಾಜಕುಮಾರರ ಕಾಲದಲ್ಲಿ ಲಾಲಾ ಅಮರನಾಥರನ್ನು ಪ್ರವಾಸದ ನಡುವೆಯೇ ಸ್ವದೇಶಕ್ಕೆ ಕಳುಹಿಸಲಾಯಿತು.

1911ರ ಪ್ರವಾಸ ಮತ್ತು ಕನ್ನಡ ನಾಡು

1911ರಲ್ಲಿ ಇಂಗ್ಲೆಂಡಿಗೆ ತೆರಳಿದ ಅಖಿಲ ಭಾರತ ತಂಡದ ನಾಯಕರು ಹತ್ತೊಂಬತ್ತರ ಹರೆಯದ ಭೂಪಿಂದರ್ ಸಿಂಗ್. ಅವರು ಆಡಿದ್ದು ಕೆಲವೇ ಪಂದ್ಯಗಳಲ್ಲಿ. ಈ ತಂಡದಲ್ಲಿ ಬೆಂಗಳೂರಿನ ಬಿ. ಜಯರಾಂ ಇದ್ದರು. ಧಾರವಾಡದಲ್ಲಿ ಜನಿಸಿದ ಪಾಲ್ವಂಕರ್ ಬಾಳೂ ಕೂಡ ಇದ್ದರು. ತಂಡವು ಆಡಿದ 14 ಪ್ರಥಮ ದರ್ಜೆಯ ಪಂದ್ಯಗಳಲ್ಲಿ 2ನ್ನು ಮಾತ್ರ ಗೆದ್ದಿತು. ಎಡಗೈ ಸ್ಪಿನ್ ಬೌಲರ್ ಬಾಳೂ ಮಾತ್ರ ಇಡೀ ಪ್ರವಾಸದಲ್ಲಿ ನೂರಕ್ಕೂ ಹೆಚ್ಚು ವಿಕೆಟ್‌ಗಳನ್ನು ಪಡೆದರು.

ಬಾಳೂ ದಲಿತ ಕುಟುಂಬದಲ್ಲಿ ಹುಟ್ಟಿದವರು. ಪುಣೆಯ ಯುರೋಪಿಯನ್ನರ ಕ್ಲಬ್ಬಿನಲ್ಲಿ ಮೈದಾನ ನೋಡಿಕೊಳ್ಳುವ ಕೆಲಸ ಮಾಡುತ್ತ, ಅಲ್ಲಿಯ ದಾಂಡಿಗರಿಗೆ ಅಭ್ಯಾಸಕ್ಕಾಗಿ ಚೆಂಡೆಸೆಯುತ್ತ ಬೌಲಿಂಗನ್ನು ರೂಢಿಸಿಕೊಂಡರು. ಹಿಂದೂ ತಂಡಕ್ಕೆ ಆಯ್ಕೆಯಾದ ಮೇಲೂ ಅವರಿಗೆ ಚಹಾವನ್ನು ಪ್ರತ್ಯೇಕವಾಗಿ ಮಣ್ಣಿನ ಪಾತ್ರೆಯಲ್ಲಿ ಕೊಡಲಾಗುತ್ತಿತ್ತು. ಆ ತಂಡದ ನಾಯಕತ್ವವು ಬಾಳೂ ಅವರಿಗೆ ದೊರೆಯಲಿಲ್ಲ; 1923ರಲ್ಲಿ ಅವರ ತಮ್ಮ ವಿಠ್ಠಲ್ ನಾಯಕರಾದರು. ಅರಸನಾದ ಕಾರಣಕ್ಕೆ ಒಬ್ಬರಿಗೆ ನಾಯಕತ್ವ ದೊರೆತರೆ, ಜಾತಿಯ ಕಾರಣಕ್ಕೆ ಇನ್ನೊಬ್ಬರಿಗೆ ಅದು ದಕ್ಕದೆ ಹೋದದ್ದನ್ನು 1911ರ ತಂಡದಲ್ಲಿದ್ದ ಈ ಇಬ್ಬರ ಜೀವನದಲ್ಲಿ ಕಾಣಬಹುದು.

ಮೈಸೂರು ತಂಡ

ಮೈಸೂರು ರಾಜ್ಯ ಕ್ರಿಕೆಟ್ ಸಂಸ್ಥೆಯು ನಾಲ್ವಡಿ ಕೃಷ್ಣರಾಜ ಒಡೆಯರ್ ಅವರ ಆಳ್ವಿಕೆಯಲ್ಲಿ, 1933ರಲ್ಲಿ, ಸ್ಥಾಪನೆಯಾಯಿತು. ರಣಜಿ ಟ್ರೋಫಿಯ ಇತಿಹಾಸದ ಮೊಟ್ಟಮೊದಲ ಪಂದ್ಯವನ್ನು ಮೈಸೂರು ಮತ್ತು ಮದ್ರಾಸ್ ತಂಡಗಳು 1934ರ ನವೆಂಬರ್ 4ರಂದು ಚೆಪಾಕ್‌ನಲ್ಲಿ ಆಡಿದವು. ಮೈಸೂರು 48 ಮತ್ತು 59 ರನ್‌ಗಳಿಗೆ ಕುಸಿಯಿತು. 130 ರನ್ ಗಳಿಸಿದ್ದ ಮದ್ರಾಸ್ ಇನ್ನಿಂಗ್ಸ್ ಹಾಗೂ 23 ರನ್‌ಗಳಿಂದ ಒಂದೇ ದಿನದಲ್ಲಿ ಜಯಗಳಿಸಿತು. ಮದ್ರಾಸಿನ ಎ. ಜಿ. ರಾಮ್ ಸಿಂಗ್ ಪಂದ್ಯದಲ್ಲಿ 11 ವಿಕೆಟ್ ಪಡೆದರು.

ಜಯಚಾಮರಾಜೇಂದ್ರ ಒಡೆಯರ್ ಪಟ್ಟಕ್ಕೆ ಬಂದ ಮೇಲೆ, 1941–42ರ ಋತುವಿನಲ್ಲಿ, ಮೈಸೂರು ಮೊದಲ ಬಾರಿಗೆ ಅಂತಿಮ ಪಂದ್ಯವನ್ನು ತಲುಪಿತು. ಅಲ್ಲಿ ಮುಂಬಯಿ ತಂಡದೆದುರು ಇನ್ನಿಂಗ್ಸ್ ಹಾಗೂ 281 ರನ್‌ಗಳಿಂದ ಸೋತಿತು.

ಹೋಳ್ಕರ್ ತಂಡದೆದುರು

ರಾಜಾಶ್ರಯದಲ್ಲಿ ಕಟ್ಟಿದ ತಂಡದ ಬಲ ಎಂತಹದೆಂಬುದು ಮೈಸೂರಿಗೆ 1945–46ರಲ್ಲಿ ಇಂದೋರಿನಲ್ಲಿ ನಡೆದ ಸೆಮಿಫೈನಲ್‌ನಲ್ಲಿ ಅನುಭವಕ್ಕೆ ಬಂದಿತು. ಹೋಳ್ಕರ್ ತಂಡವು 8 ವಿಕೆಟ್‌ಗಳಿಗೆ 912 ರನ್ ಗಳಿಸಿ ಡಿಕ್ಲೇರ್ ಮಾಡಿಕೊಂಡಿತು. ಭಂಡಾರ್ಕರ್, ಸರ್ವಟೆ, ಜಗದಾಳೆ, ನಾಯುಡು, ನಿಂಬಾಳ್ಕರ್ ಮತ್ತು ಪ್ರತಾಪ್ ಸಿಂಗ್ ಹೀಗೆ ಆರು ಮಂದಿ ಒಂದೇ ಇನ್ನಿಂಗ್ಸ್‌ನಲ್ಲಿ ಶತಕ ಬಾರಿಸಿದರು. ಮೈಸೂರಿನ ಬಿ. ಕೆ. ಗರುಡಾಚಾರ್ 301 ರನ್ ಕೊಟ್ಟು 4 ವಿಕೆಟ್ ಪಡೆದರು. ಆ ವರ್ಷದ ರಣಜಿ ಟ್ರೋಫಿ ಹೋಳ್ಕರ್ ತಂಡದ ಪಾಲಾಯಿತು.

ಸ್ವಾತಂತ್ರ್ಯಾನಂತರ

ಸಂಸ್ಥಾನಗಳ ವಿಲೀನದ ನಂತರ, ಅರಸರನ್ನೇ ನೆಚ್ಚಿಕೊಂಡಿದ್ದ ಕ್ರಿಕೆಟ್ ಕೇಂದ್ರಗಳು ಆ ಆಸರೆಯನ್ನು ಕಳೆದುಕೊಂಡವು. ಹೋಳ್ಕರ್ ತಂಡವು 1950ರ ದಶಕದಲ್ಲಿ ಕಣ್ಮರೆಯಾಯಿತು. ಮೈಸೂರಿನ ಸಂಸ್ಥೆಯಾದರೋ ಮುಂದುವರಿಯಿತು. ವಕೀಲರಾಗಿದ್ದ ಎಂ. ಚಿನ್ನಸ್ವಾಮಿ ಅವರು ದೀರ್ಘಕಾಲ ಅದರ ಆಡಳಿತದಲ್ಲಿದ್ದರು; ಬೆಂಗಳೂರಿನ ಕ್ರೀಡಾಂಗಣಕ್ಕೆ ಈಗ ಅವರ ಹೆಸರಿದೆ. ಅಲ್ಲಿ ಮೊದಲ ಟೆಸ್ಟ್ ಪಂದ್ಯವು 1974ರ ನವೆಂಬರ್‌ನಲ್ಲಿ ವೆಸ್ಟ್ ಇಂಡೀಸ್ ವಿರುದ್ಧ ನಡೆಯಿತು.

1973ರಲ್ಲಿ ರಾಜ್ಯಕ್ಕೆ ಕರ್ನಾಟಕವೆಂದು ನಾಮಕರಣವಾಯಿತು. ಮುಂಬಯಿ ತಂಡದ ಸತತ 15 ವರ್ಷಗಳ ಪಾರಮ್ಯವನ್ನು ಮುರಿದ ಕರ್ನಾಟಕವು 1973–74ರಲ್ಲಿ ಮೊದಲ ಬಾರಿಗೆ ರಣಜಿ ಟ್ರೋಫಿಯನ್ನು ಗೆದ್ದಿತು. ನಾಯಕ ಇ. ಎ. ಎಸ್. ಪ್ರಸನ್ನ ಅವರು ಮೈಸೂರಿನ ರಾಷ್ಟ್ರೀಯ ಎಂಜಿನಿಯರಿಂಗ್ ಕಾಲೇಜಿನ ಪದವೀಧರರು.

ಒಡೆಯರ್ ಮನೆತನ ಮತ್ತು ಕ್ರಿಕೆಟ್ ಆಡಳಿತ

ಜಯಚಾಮರಾಜೇಂದ್ರ ಒಡೆಯರ್ ಅವರ ಪುತ್ರ ಶ್ರೀಕಂಠದತ್ತ ನರಸಿಂಹರಾಜ ಒಡೆಯರ್ (1953–2013) ಅವರು 2007ರಿಂದ 2010ರವರೆಗೆ ಕರ್ನಾಟಕ ರಾಜ್ಯ ಕ್ರಿಕೆಟ್ ಸಂಸ್ಥೆಯ ಅಧ್ಯಕ್ಷರಾಗಿದ್ದರು. ಅವರ ನಂತರ ಅನಿಲ್ ಕುಂಬ್ಳೆ ಆ ಸ್ಥಾನಕ್ಕೆ ಬಂದರು. 2013ರ ಡಿಸೆಂಬರ್ ಆರಂಭದಲ್ಲಿ ಒಡೆಯರ್ ಮತ್ತೆ ಚುನಾಯಿತರಾದರು. ಕೆಲವೇ ದಿನಗಳಲ್ಲಿ, ಡಿಸೆಂಬರ್ 10ರಂದು, ನಿಧನರಾದರು.

ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ, ಗಂಗೋತ್ರಿ ಗ್ಲೇಡ್ಸ್ ಎಂದು ಕರೆಯಲಾಗುತ್ತಿದ್ದ ಮೈದಾನಕ್ಕೆ ಅವರ ಹೆಸರನ್ನು ಇಡಲಾಗಿದೆ. 2022ರಲ್ಲಿ ಆರಂಭವಾದ ಮಹಾರಾಜ ಟ್ರೋಫಿ ಟಿ-20 ಪಂದ್ಯಾವಳಿಯೂ ಅವರ ಸ್ಮರಣಾರ್ಥವಾದುದು.