ಹಗಲುವೇಷ: ಒಂದು ಪದದ ಕಥೆ

ಅನ್ಯರ ರೂಪ, ಮಾತು, ನಡೆಗಳನ್ನು ಅನುಕರಿಸಿ ಬದುಕುವ ಜನಪದ ಕಲಾವಿದರಿಗೆ ನಮ್ಮ ನುಡಿಯಲ್ಲಿ ಎರಡು ಹೆಸರುಗಳುಂಟು: ಬಹುರೂಪಿ, ಹಗಲುವೇಷಗಾರ. ಬಯಲಾಟ ರಾತ್ರಿ ನಡೆಯುವಂಥದು. ಇವರಾದರೋ ಹಗಲಿನಲ್ಲಿಯೇ ಬಣ್ಣ ಹಚ್ಚಿ, ಹಾರ್ಮೋನಿಯಂ, ತಬಲಗಳೊಡನೆ ರಾಮಾಯಣ, ಮಹಾಭಾರತಗಳ ಪಾತ್ರಗಳಾಗಿ ಊರೂರು ಸುತ್ತುವವರು. ಆದ್ದರಿಂದಲೇ ಆ ಹೆಸರು.

ಪದಗಳಿಗೂ ಅದೃಷ್ಟವೆಂಬುದುಂಟು. 1989ರಲ್ಲಿ ಸ್ಥಾಪನೆಯಾದ ಮೈಸೂರಿನ ರಂಗಾಯಣವು ಮುಂದೆ ತನ್ನ ನಾಟಕೋತ್ಸವಕ್ಕೆ ‘ಬಹುರೂಪಿ’ ಎಂದು ಹೆಸರಿಟ್ಟಿತು. ಆ ಪದಕ್ಕೆ ಗೌರವ ಬಂದಿತು. ‘ಹಗಲುವೇಷ’ ಮಾತ್ರ ಕಪಟವೆಂಬ ಅರ್ಥದ ಬೈಗುಳವಾಯಿತು. ಪ್ರಾಚೀನ ಗ್ರೀಕರಲ್ಲಿ ನಟನಿಗಿದ್ದ ‘ಹಿಪೊಕ್ರಿಟೀಸ್’ ಎಂಬ ಹೆಸರೂ ಹೀಗೆಯೇ ಇಂಗ್ಲಿಷಿನಲ್ಲಿ ಆಷಾಢಭೂತಿಯನ್ನು ಸೂಚಿಸುವ ‘ಹಿಪೊಕ್ರಿಟ್’ ಆಗಿದೆ.

ಒಮ್ಮೆ ತರಗತಿಯಲ್ಲಿ, ಹೊಟ್ಟೆನೋವೆಂದ ಹುಡುಗನೊಬ್ಬನನ್ನು “ಹಗಲುವೇಷ ಹಾಕಬೇಡವೋ” ಎಂದು ಗದರಿದೆ. ಹಿಂದಿನ ಬೆಂಚಿನಿಂದ ಇನ್ನೊಬ್ಬ ಎದ್ದು ನಿಂತು, “ನಮ್ಮಪ್ಪ ಹಾಕೋದು ಅದನ್ನೇ ಸಾರ್. ಅದು ಸುಳ್ಳಲ್ಲ” ಎಂದ. ನನಗೆ ಉತ್ತರ ಹೊಳೆಯಲಿಲ್ಲ.

ವೇಷಗಾರನು ತಾನು ವೇಷ ಹಾಕಿರುವುದನ್ನು ಮರೆಮಾಚುವುದಿಲ್ಲ, ಕಪಟಿ ಮರೆಮಾಚುತ್ತಾನೆ. ಈ ಭೇದವನ್ನು ನನಗೆ ಕಲಿಸಿದವನು ಆ ಬಾಲಕ. ಅಂದಿನಿಂದ ಆ ಪದವನ್ನು ನಾನು ಬೈಗುಳವಾಗಿ ಬಳಸಿಲ್ಲ. ನೀವೂ ಬಳಸದಿರಿ ಎಂಬುದು ನಿಮ್ಮ ಹಳೆಯ ಮೇಷ್ಟರ ಕೋರಿಕೆ.